ಜಂಪ್ ಸ್ಟಾರ್ಟರ್ ಕೊಳ್ಳುವವರು ಪೆಟ್ಟಿಗೆಯ ಮೇಲಿನ ಆಂಪಿಯರ್ ನೋಡಿ ಮರುಳಾಗಬೇಡಿ: ದೀರ್ಘಕಾಲದ ಬಳಕೆಯ ವಿಮರ್ಶೆ

ಬೆಂಗಳೂರಿನಲ್ಲಿ ಮೆಟ್ರೊ ಹಿಡಿದು ಕಚೇರಿಗೆ ಹೋಗಿಬರುವವರ ಕಾರು ವಾರಗಟ್ಟಲೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೇ ನಿಂತಿರುತ್ತದೆ. ನಿಂತಿದ್ದರೂ ಅಲಾರಂ, ಸೆಂಟ್ರಲ್ ಲಾಕ್, ಗಡಿಯಾರಗಳು ಸ್ವಲ್ಪಸ್ವಲ್ಪವೇ ವಿದ್ಯುತ್ ಎಳೆಯುತ್ತಿರುವುದರಿಂದ, ಹಳೆಯದಾದ ಬ್ಯಾಟರಿ ಒಂದು ಬೆಳಿಗ್ಗೆ ಬರೀ ‘ಟಕ್ ಟಕ್’ ಎಂದು ಸುಮ್ಮನಾಗುತ್ತದೆ. ನಮ್ಮದು 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಆಟೊಮ್ಯಾಟಿಕ್ ಕಾರು. ತಳ್ಳಿ ಸ್ಟಾರ್ಟ್ ಮಾಡುವ ಹಳೆಯ ಉಪಾಯ ಅದರ ಮುಂದೆ ನಡೆಯುವುದಿಲ್ಲ. ಕೆಳಗಿನ ಅಂತಸ್ತಿನಲ್ಲಿ ನೆರವಿಗೆ ಯಾರನ್ನಾದರೂ ಕರೆಯೋಣವೆಂದರೆ ಮೊಬೈಲ್ ಸಿಗ್ನಲ್ ಕೂಡ ಸಿಗದು. ಹೀಗಾಗಿ ಕೊಂಡ 12,000 ಎಂಎಎಚ್‌ನ ಲಿಥಿಯಂ ಜಂಪ್ ಸ್ಟಾರ್ಟರನ್ನು, ಎಂದರೆ ಬ್ಯಾಟರಿ ಸತ್ತ ಕಾರನ್ನು ಸ್ಟಾರ್ಟ್ ಮಾಡಿಸುವ ಸಣ್ಣ ಸಾಧನವನ್ನು, ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ.

12,000 ಎಂಎಎಚ್ (ಮಿಲಿಆಂಪಿಯರ್-ಅವರ್), ಎಂದರೆ 12 ಎಎಚ್, ಎಂಬ ಈ ಅಂಕಿಯನ್ನು ಸಾಮಾನ್ಯವಾಗಿ ಒಂದು ಸೆಲ್ಲಿನ 3.7 ವೋಲ್ಟಿಗೆ ಲೆಕ್ಕ ಹಾಕಿರುತ್ತಾರೆ. ಎರಡನ್ನೂ ಗುಣಿಸಿದರೆ ಸಿಗುವ ಒಟ್ಟು ಶಕ್ತಿ ಸುಮಾರು 44 ವ್ಯಾಟ್-ಅವರ್. 12 ವೋಲ್ಟಿನ, 35 ಎಎಚ್‌ನ ಕಾರಿನ ಬ್ಯಾಟರಿಯಲ್ಲಿ 420 ವ್ಯಾಟ್-ಅವರ್ ಇರುತ್ತದೆ. ಆದ್ದರಿಂದ ಈ ಸಾಧನ ಬ್ಯಾಟರಿಯನ್ನು ಚಾರ್ಜ್ ಮಾಡುವ ಮಾತೇ ಇಲ್ಲ. ಆದರೆ ಸೆಲ್ಫ್ ಮೋಟಾರು 10 ವೋಲ್ಟಿನಲ್ಲಿ 150 ಆಂಪಿಯರಿನಂತೆ ಮೂರು ಸೆಕೆಂಡು ತಿರುಗಿದರೆ ಖರ್ಚಾಗುವುದು 1.25 ವ್ಯಾಟ್-ಅವರ್ ಮಾತ್ರ. ಆ ಮೂರು ಸೆಕೆಂಡು ವೋಲ್ಟೇಜ್ ಕುಸಿಯದಂತೆ ಕರೆಂಟ್ ಕೊಡಬಲ್ಲುದೇ ಎಂಬುದಷ್ಟೇ ಪ್ರಶ್ನೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ‘ಪೀಕ್’ (ಗರಿಷ್ಠ) ಆಂಪಿಯರ್ ಇದಕ್ಕೆ ಉತ್ತರ ಕೊಡುವುದಿಲ್ಲ, ಏಕೆಂದರೆ ಆ ಕರೆಂಟ್ ಎಷ್ಟು ಹೊತ್ತು, ಎಷ್ಟು ವೋಲ್ಟಿನಲ್ಲಿ ದೊರೆಯುತ್ತದೆಂದು ಅಲ್ಲಿ ಬರೆದಿರುವುದಿಲ್ಲ. ತಂತಿಯ ದಪ್ಪ, ಕ್ಲಿಪ್ಪಿನ ಹಿಡಿತ, ಅವೆರಡರ ನಡುವಿನ ರಕ್ಷಣಾ ಪೆಟ್ಟಿಗೆ, ಇವನ್ನು ನೋಡಿ ಕೊಳ್ಳುವುದು ಮೇಲು.

ಕೆಂಪು ಕ್ಲಿಪ್ಪನ್ನು ಪ್ಲಸ್ ಟರ್ಮಿನಲ್ಲಿಗೂ ಕಪ್ಪನ್ನು ಬ್ಯಾಟರಿಯಿಂದ ದೂರವಿರುವ, ಬಣ್ಣವಿಲ್ಲದ ಎಂಜಿನ್ ಲೋಹಕ್ಕೂ ಹಾಕುತ್ತೇನೆ. ಸೀಸದ ಬ್ಯಾಟರಿಯ ಬಳಿ ಹೈಡ್ರೋಜನ್ ಇರಬಹುದಾದ್ದರಿಂದ ಕಿಡಿ ಅಲ್ಲಿ ಹಾರಬಾರದು. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಮೊದಲು ಒರೆಸಬೇಕು. ಸಾಧನದ ಹಸಿರು ದೀಪ ಹತ್ತಿದ ಮೇಲೆ ಕೀ ತಿರುಗಿಸಿದರೆ ನಮ್ಮ ಕಾರು ಹೆಚ್ಚಾಗಿ ಮೊದಲ ಸಲವೇ ಸ್ಟಾರ್ಟ್ ಆಗಿದೆ. ಆಗದಿದ್ದರೆ ಮರುಪ್ರಯತ್ನಕ್ಕೆ ಮೊದಲು ಕನಿಷ್ಠ ಅರ್ಧ ನಿಮಿಷ ಬಿಡಬೇಕು. ಸಕಲೇಶಪುರದಲ್ಲಿ ಚಳಿಗೆ ನಿಂತಿದ್ದ ಮಾವನವರ ಡೀಸೆಲ್ ಜೀಪಿಗೆ ಕ್ಲಿಪ್ ಹಾಕಿ ಒಂದೆರಡು ನಿಮಿಷ ಕಾಯಬೇಕಾಯಿತು. ಎಂಜಿನ್ ಒಲ್ಲದ ಮನಸ್ಸಿನಿಂದಲೇ ಎದ್ದಿತು. ದೊಡ್ಡ ಡೀಸೆಲ್ ಗಾಡಿಯವರು ಇದಕ್ಕಿಂತ ಬಲವಾದ ಮಾದರಿಯನ್ನೇ ಕೊಳ್ಳಲಿ.

ಬ್ಯಾಟರಿ ಒಂದೆರಡು ವೋಲ್ಟಿಗೆ ಇಳಿದಿದ್ದರೆ, ಏನನ್ನೂ ಜೋಡಿಸಿಲ್ಲವೆಂದು ತಿಳಿದು ಸಾಧನ ಕರೆಂಟನ್ನೇ ಕೊಡುವುದಿಲ್ಲ. ‘ಬೂಸ್ಟ್’ ಗುಂಡಿ ಇರುವುದು ಅದಕ್ಕಾಗಿಯೇ. ಆದರೆ ಅದನ್ನು ಒತ್ತಿದಾಗ ಪ್ಲಸ್-ಮೈನಸ್ ಅದಲುಬದಲಾದರೆ ತಡೆಯುವ ರಕ್ಷಣೆಯೂ ಹಲವು ಮಾದರಿಗಳಲ್ಲಿ ನಿಂತುಹೋಗುತ್ತದೆ; ಒತ್ತುವ ಮೊದಲು ಕ್ಲಿಪ್ಪುಗಳನ್ನು ಟಾರ್ಚ್ ಬೆಳಕಿನಲ್ಲಿ ಇನ್ನೊಮ್ಮೆ ನೋಡಲೇಬೇಕು. ಕೈಪಿಡಿ ಈ ಸಂಗತಿಯನ್ನು ಸಣ್ಣ ಅಕ್ಷರದಲ್ಲಿ ಮುಗಿಸಿಬಿಟ್ಟಿದೆ, ಇದು ನನ್ನ ದೊಡ್ಡ ಆಕ್ಷೇಪ.

ಇಷ್ಟು ವರ್ಷಗಳಲ್ಲಿ ಕ್ಲಿಪ್ಪಿನ ಹಲ್ಲುಗಳಿಗೆ ತುಸು ತುಕ್ಕು ಹಿಡಿದಿದೆ, ಸ್ಪ್ರಿಂಗ್ ಸಡಿಲವಾಗಿದೆ. ಲಿಥಿಯಂ ಸೆಲ್ಲುಗಳು ಉಬ್ಬಿಲ್ಲ. ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ ಮನೆಯೊಳಗೇ ಇಡುವುದು ಇದಕ್ಕೆ ಕಾರಣವಿರಬೇಕು. ಏಪ್ರಿಲ್ ಬಿಸಿಲಿಗೆ ನಿಂತ ಕಾರಿನೊಳಗೆ ಇದನ್ನು ಬಿಡಬಾರದು. ಪ್ರಯಾಣದಲ್ಲಿ ಒಯ್ದರೂ ಡಿಕ್ಕಿಯಲ್ಲಿ ಇಡುವುದಿಲ್ಲ: ನಮ್ಮ ಡಿಕ್ಕಿ ತೆರೆಯುವುದು ವಿದ್ಯುತ್ ಗುಂಡಿಯಿಂದ, ಬ್ಯಾಟರಿ ಸತ್ತರೆ ಸಾಧನವೂ ಒಳಗೇ ಸಿಕ್ಕಿಕೊಳ್ಳುತ್ತದೆ. ಫೋನ್ ಚಾರ್ಜ್ ಮಾಡುವ ಸೌಲಭ್ಯವಿದೆ, ನಾನು ಬಳಸುವುದಿಲ್ಲ.

ಕಾರು ಸ್ಟಾರ್ಟ್ ಆದ ಮೇಲೆ ಮಲ್ಟಿಮೀಟರಿನಲ್ಲಿ ಬ್ಯಾಟರಿಯ ವೋಲ್ಟೇಜ್ ನೋಡಿ. 13.8ರಿಂದ 14.4ರ ನಡುವೆ ಇದ್ದರೆ, ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಿದೆ ಎಂದರ್ಥ. ಸಾಕಷ್ಟು ದೂರ ಓಡಿಸಿದ ಮರುದಿನವೂ, ಎಂಜಿನ್ ಹಾಕುವ ಮೊದಲು, 12.2ಕ್ಕಿಂತ ಕಡಿಮೆ ತೋರಿಸಿದರೆ ಜಂಪ್ ಸ್ಟಾರ್ಟರಿಗೆ ಹಣ ಹಾಕುವ ಬದಲು ಹೊಸ ಬ್ಯಾಟರಿಯನ್ನೇ ವಿಚಾರಿಸುವುದು ಲೇಸು.