ಫೋನ್ ಲೋಗೋದಲ್ಲೇ ನಿಂತಿದೆಯಾ? ಮನೆಯಲ್ಲೇ ಮಾಡೋದಾ, ಅಂಗಡಿಗೆ ಕೊಡೋದಾ?

ದಾವಣಗೆರೆಯಲ್ಲಿ ಫೋನ್ ಕೆಟ್ಟರೆ ಅಶೋಕ ರಸ್ತೆ ಕಡೆ ಓಡುವುದು ರೂಢಿ. ಸಾಫ್ಟ್‌ವೇರ್ ಮಾತ್ರ ಕೆಟ್ಟಿದ್ದರೆ ಅದನ್ನು ಮತ್ತೆ ಹಾಕಲು ಮನೆಯ ಲ್ಯಾಪ್‌ಟಾಪೇ ಸಾಕು.

ಐಫೋನ್ ಇದ್ದರೆ ಯೋಚನೆಯೇ ಬೇಡ, ಮನೆಯಲ್ಲೇ ಮಾಡಿ. ರಿಕವರಿ ಮೋಡ್‌ಗೆ (ಕಂಪ್ಯೂಟರಿನಿಂದ ಸಾಫ್ಟ್‌ವೇರ್ ಸರಿಮಾಡುವ ಸ್ಥಿತಿಗೆ) ತಂದು ಲ್ಯಾಪ್‌ಟಾಪಿಗೆ ಕೇಬಲ್ ಹಾಕಿದರೆ ಅದರ ಪರದೆಯಲ್ಲಿ ‘ಅಪ್‌ಡೇಟ್’, ‘ರೀಸ್ಟೋರ್’ ಎಂದು ಎರಡು ಬಟನ್ ಬರುತ್ತವೆ. ಮೊದಲು ಅಪ್‌ಡೇಟ್ ಒತ್ತಿ, ಫೋಟೋ ಉಳಿಯುತ್ತವೆ. ರೀಸ್ಟೋರ್ ಎಲ್ಲ ಅಳಿಸುತ್ತದೆ. ಡೌನ್‌ಲೋಡ್ 15 ನಿಮಿಷ ದಾಟಿದರೆ ಫೋನ್ ರಿಕವರಿಯಿಂದ ಹೊರಬರುತ್ತದೆ. ಗಾಬರಿ ಬೇಡ, ಫೈಲ್ ಪೂರ್ತಿ ಇಳಿದ ಮೇಲೆ ಮತ್ತೆ ಶುರು ಮಾಡಿ.

ಸ್ಯಾಮ್‌ಸಂಗ್ ಸ್ವಲ್ಪ ತಲೆನೋವು. ಸ್ಯಾಮ್‌ಸಂಗ್ ಫೋನಿಗೆ ಕಂಪ್ಯೂಟರಿನಿಂದ ಸಾಫ್ಟ್‌ವೇರ್ ಹಾಕುವ ಓಡಿನ್ ಎಂಬ ಪ್ರೋಗ್ರಾಂನಲ್ಲಿ ಬಿಎಲ್, ಎಪಿ, ಸಿಪಿ, ಸಿಎಸ್‌ಸಿ ಅಂತ ನಾಲ್ಕು ಖಾನೆ ತುಂಬಬೇಕು, ಒಂದೊಂದಕ್ಕೂ ಸಾಫ್ಟ್‌ವೇರಿನ ಒಂದೊಂದು ಭಾಗದ ಫೈಲ್. ಕೊನೆಯದಕ್ಕೆ ‘ಹೋಮ್ ಸಿಎಸ್‌ಸಿ’ ಫೈಲ್ ಕೊಟ್ಟರೆ ಡೇಟಾ ಸಾಮಾನ್ಯವಾಗಿ ಉಳಿಯುತ್ತದೆ. ‘ಹೋಮ್’ ಇಲ್ಲದ ಸಿಎಸ್‌ಸಿ ಫೈಲ್ ಕೊಟ್ಟರೆ ಗುಡಿಸಿ ಗುಂಡಾಂತರ! ಒಮ್ಮೆ ನಾನು ಕೊಟ್ಟ ಅಂಗಡಿಯವರು ಒಂದು ಮಾತೂ ಕೇಳದೆ ಎಲ್ಲ ಅಳಿಸಿಬಿಟ್ಟಿದ್ದರು. ಮಗಳ ನಾಮಕರಣದ ಫೋಟೋ ಹೋದವು. ಆಮೇಲೆ ನಾನೇ ಕಲಿತೆ.

ಓಡಿನ್‌ಗೆ ಕೊಡುವ ಫೈಲ್ ನಿಮ್ಮ ಮಾಡೆಲ್ ನಂಬರಿನದ್ದೇ ಆಗಿರಬೇಕು. ನಡುವೆ ಕರೆಂಟ್ ಹೋದರೆ ಡೆಸ್ಕ್‌ಟಾಪ್ ಆರುತ್ತದೆ, ಅದಕ್ಕೇ ಲ್ಯಾಪ್‌ಟಾಪ್ ವಾಸಿ. ಕೇಬಲ್ ಬದಲಿಸಿದರೂ ಕಂಪ್ಯೂಟರಿಗೆ ಫೋನ್ ಕಾಣಿಸದಿದ್ದರೆ ಮಾತ್ರ ಅಂಗಡಿಗೆ ಹೋಗಿ. ‘ಡೇಟಾ ಬೇಕು’ ಎಂದು ಮೊದಲೇ ಹೇಳಿ.