ಪೋಲಿಷೋ ಅರ್ಮೇನಿಯನ್ನೋ: ಎರಡನ್ನೂ ಕಲಿತು ನೋಡಿದ ಮೇಲೆ

ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಪೋಲಿಷ್ ಮತ್ತು ಅರ್ಮೇನಿಯನ್ ಭಾಷೆಗಳನ್ನು ಒಂದೇ ದರ್ಜೆಯಲ್ಲಿಟ್ಟು, ಒಂದೊಂದಕ್ಕೂ 44 ವಾರ, ಅಂದರೆ ಸುಮಾರು 1100 ಗಂಟೆಗಳ ಪಾಠ ಬೇಕೆಂದು ಲೆಕ್ಕ ಹಾಕಿದೆ. ಆ ಲೆಕ್ಕ ಇಂಗ್ಲಿಷ್ ಮನೆಮಾತಿನವರದು. ಬಿಡುವಿನ ವೇಳೆಯಲ್ಲಿ ಒಂದೊಂದನ್ನೂ ಒಂದು ವರ್ಷ ಕಲಿತ ನನ್ನ ಅನುಭವದಲ್ಲಿ, ಕನ್ನಡಿಗರ ಪಾಲಿಗೆ ಆ ತಕ್ಕಡಿ ಸಮವಾಗಿ ನಿಲ್ಲುವುದಿಲ್ಲ. ಮೊದಲ ವಾರ ಪೋಲಿಷ್ ಸುಲಭವೆನಿಸುತ್ತದೆ. ಆರನೆಯ ತಿಂಗಳಿಗೆ ಅರ್ಮೇನಿಯನ್ ಮುಂದೆ ಹೋಗಿರುತ್ತದೆ.

ಮೊದಲ ವಾರದ ಮೋಸಕ್ಕೆ ಕಾರಣ ಲಿಪಿ. ಪೋಲಿಷ್ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ಅದರ 32 ಅಕ್ಷರಗಳಲ್ಲಿ ಒಂಬತ್ತಕ್ಕೆ ಬಾಲವೋ ಚುಕ್ಕೆಯೋ ಗೀಟೋ ಅಂಟಿಕೊಂಡಿರುತ್ತದೆ. ಉಳಿದವು ಪರಿಚಿತ ಮುಖಗಳೇ ಆದ್ದರಿಂದ ಇಂಗ್ಲಿಷ್ ಓದಿನ ಅಭ್ಯಾಸ ನಡುವೆ ನುಗ್ಗಿ ಕೆಡಿಸುತ್ತದೆ. ಪೋಲೆಂಡಿನ ಭೂಪಟದಲ್ಲಿ ನಾವು ಲೋಡ್ಜ್ ಎಂದು ಓದುವ ಊರನ್ನು ಅಲ್ಲಿಯವರು ‘ವೂಚ್’ ಎನ್ನುತ್ತಾರೆ. ಮೆಸ್ರೋಪ್ ಮಾಷ್ಟೋತ್ಸ್ ಎಂಬ ವಿದ್ವಾಂಸ ಕ್ರಿ.ಶ. 405ರ ಸುಮಾರಿಗೆ 36 ಅಕ್ಷರಗಳೊಂದಿಗೆ ರೂಪಿಸಿದ, ಈಗ 39 ಅಕ್ಷರಗಳಿರುವ ಅರ್ಮೇನಿಯನ್ ಲಿಪಿ ನೋಡಿದೊಡನೆ ದಿಗಿಲು ಹುಟ್ಟಿಸುತ್ತದೆ, ನಿಜ. ಆದರೆ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ದಾಟಿ ಬಂದವರಿಗೆ ಅದು ಎರಡು ವಾರದ ಕೆಲಸ. ಅಲ್ಲಿನ ಒಂದೇ ಕಿರಿಕಿರಿಯೆಂದರೆ ನಮ್ಮ ಹ್ರಸ್ವ ‘ಅ’ಕಾರದಂಥ ಸ್ವರವೊಂದನ್ನು ಅನೇಕ ಕಡೆ ಬರೆಯದೆಯೇ ಬಿಡುವುದು: ‘ಮ್ಕ್ರ್ತಿಚ್’ ಎಂದು ಬರೆದ ಹೆಸರನ್ನು ‘ಮಕರ್ತಿಚ್’ ಎಂದು ಓದಬೇಕು.

ಉಚ್ಚಾರಣೆಯ ವಿಷಯದಲ್ಲಿ ಎರಡೂ ಭಾಷೆಗಳು ನಮ್ಮ ವರ್ಣಮಾಲೆಗೆ ಋಣಿಯಾಗಿರುವಂತೆ ಕಾಣುತ್ತವೆ. ಆಡುಮಾತಿನಲ್ಲಿ ನಾವು ಹೆಚ್ಚುಕಡಿಮೆ ಒಂದಾಗಿಸಿಬಿಟ್ಟಿರುವ ಶ ಮತ್ತು ಷ ಪೋಲಿಷ್‌ನಲ್ಲಿ ಜೀವಂತವಾಗಿವೆ: ‘ಕಾಶಾ’ ಎಂದರೆ ಹುಡುಗಿಯ ಮುದ್ದಿನ ಹೆಸರು, ‘ಕಾಷಾ’ ಎಂದರೆ ಬೇಯಿಸಿದ ಧಾನ್ಯದ ಗಂಜಿ. ಅರ್ಮೇನಿಯಾ ದೇಶದಲ್ಲಿ ಆಡುವ ಪೂರ್ವ ಅರ್ಮೇನಿಯನ್‌ನಲ್ಲಿ ಕ, ಖ, ಗ ಮೂರೂ ಬೇರೆ ಬೇರೆ. ಹಾಗೆಯೇ ತ, ಥ, ದ ಮತ್ತು ಪ, ಫ, ಬ. ‘ಕಾರ್’ ಹೊಲಿಗೆಯಾದರೆ ‘ಖಾರ್’ ಕಲ್ಲು. ಇಂಗ್ಲಿಷ್ ಪಠ್ಯಗಳು ಪುಟಗಟ್ಟಲೆ ವಿವರಿಸುವ ಈ ವ್ಯತ್ಯಾಸವನ್ನು ನಮಗೆ ಅಲ್ಪಪ್ರಾಣ, ಮಹಾಪ್ರಾಣ ಎಂಬ ಎರಡು ಪದಗಳಲ್ಲಿ ಹೇಳಿ ಮುಗಿಸಬಹುದು. ಆದರೆ ‘ಖಾರ’ವನ್ನು ‘ಕಾರ’ ಎಂದೇ ನುಡಿಯುವ ನನ್ನಂಥವರಿಗೆ ನಾಲಗೆ ಪಳಗಲು ಕೆಲವು ತಿಂಗಳು ಹಿಡಿಯುತ್ತದೆ.

ನಿಜವಾದ ಅಂತರ ತಿಳಿಯುವುದು ನಾಮಪದಗಳಲ್ಲಿ. ತೋಟ, ತೋಟಗಳು, ತೋಟದಲ್ಲಿ, ತೋಟಗಳಲ್ಲಿ ಎಂಬ ನಾಲ್ಕು ರೂಪಗಳನ್ನೇ ತೆಗೆದುಕೊಳ್ಳೋಣ. ಅರ್ಮೇನಿಯನ್‌ನಲ್ಲಿ ಇವು ಪರ್ತೆಜ಼್, ಪರ್ತೆಜ಼್‌ನೆರ್, ಪರ್ತೆಜ಼ುಮ್, ಪರ್ತೆಜ಼್‌ನೆರುಮ್. ‘ನೆರ್’ ನಮ್ಮ ‘ಗಳು’, ‘ಉಮ್’ ನಮ್ಮ ‘ಅಲ್ಲಿ’; ಬಹುವಚನ ಮೊದಲು, ವಿಭಕ್ತಿ ಅನಂತರ ಎಂಬ ಕ್ರಮವೂ ನಮ್ಮದೇ. ಪೋಲಿಷ್‌ನಲ್ಲಿ ಅದೇ ನಾಲ್ಕು ರೂಪಗಳು ಒಗ್ರುತ್, ಒಗ್ರೊದಿ, ವ್ ಒಗ್ರೊಜೆ, ವ್ ಒಗ್ರೊದಾಖ್. ‘ಅಲ್ಲಿ’ ಎಂಬರ್ಥದ ‘ವ್’ ಮುಂದೆ ಬಂದರೂ ಪದದ ಬಾಲ ಬದಲಾಗದೆ ಬಿಡುವುದಿಲ್ಲ, ಅದರ ಜೊತೆಗೆ ಪದದ ಒಡಲೂ ಮಾರ್ಪಡುತ್ತದೆ, ವಚನವೂ ವಿಭಕ್ತಿಯೂ ಒಂದೇ ಪ್ರತ್ಯಯದಲ್ಲಿ ಕರಗಿಹೋಗಿರುತ್ತವೆ. ಏಳು ವಿಭಕ್ತಿಗಳೆಂದರೆ ನಮಗೆ ಹೊಸದಲ್ಲ. ಆದರೆ ಮೂರು ಲಿಂಗಗಳಿಗೂ ಬೇರೆ ಬೇರೆ ಪ್ರತ್ಯಯ, ಅವುಗಳಿಗೆ ತಕ್ಕಂತೆ ಬದಲಾಗುವ ವಿಶೇಷಣ, ಇದು ಕನ್ನಡಕ್ಕಿಂತ ಸಂಸ್ಕೃತದ ಶಬ್ದರೂಪಗಳನ್ನು ಬಾಯಿಪಾಠ ಮಾಡಿದವರ ಕ್ಷೇತ್ರ. ಅರ್ಮೇನಿಯನ್‌ನಲ್ಲಿಯೂ ಅಪವಾದಗಳಿವೆ, ಮನೆ ಎಂಬರ್ಥದ ‘ತುನ್’ ಬಹುವಚನದಲ್ಲಿ ‘ತನೆರ್’ ಆಗುತ್ತದೆ, ಆದರೆ ಅವು ಅಪವಾದಗಳಾಗಿಯೇ ಉಳಿಯುತ್ತವೆ.

ಎಣಿಕೆಯಲ್ಲಿಯೂ ಇದೇ ಕಥೆ. ಪೋಲಿಷ್‌ನಲ್ಲಿ ಬೆಕ್ಕು ‘ಕೊತ್’, ಎರಡಾದರೆ ‘ದ್ವಾ ಕೊತಿ’ (ನಗು ತಡೆಯಲು ನನಗೆ ಒಂದು ವಾರ ಬೇಕಾಯಿತು), ಐದಾದರೆ ಷಷ್ಠೀ ಬಹುವಚನಕ್ಕೆ ಹಾರಿ ‘ಪ್ಯೆಂಚ್ ಕೊತುಫ್’. ಅರ್ಮೇನಿಯನ್‌ನಲ್ಲಿ ಯೆರ್ಕು ಕತು, ಹಿಂಗ್ ಕತು; ನಾವು ಎರಡು ಬೆಕ್ಕು, ಐದು ಬೆಕ್ಕು ಎಂದಷ್ಟೇ ಸರಳ. ವ್ಯಾಕರಣದಲ್ಲಿ ಲಿಂಗವೇ ಇಲ್ಲ, ಅವನಿಗೂ ಅವಳಿಗೂ ಒಂದೇ ‘ನಾ’. ಕ್ರಿಯಾಪದದಲ್ಲಿ ‘ಗ್ರುಮ್ ಎಮ್’ ಎಂಬುದನ್ನು ‘ಬರೆಯುತ್ತ ಇದ್ದೇನೆ’ ಎಂದು ಬಿಡಿಸಿಕೊಳ್ಳಬಹುದು. ಪೋಲಿಷ್‌ನಲ್ಲಿ ಬರೆಯುತ್ತಿರುವುದಕ್ಕೆ ಒಂದು ಧಾತು, ಬರೆದು ಮುಗಿಸುವುದಕ್ಕೆ ಇನ್ನೊಂದು. ಈ ಜೋಡಿಗಳನ್ನು ಒಂದೊಂದಾಗಿ ನೆನಪಿಡಬೇಕು.

ಇಷ್ಟಾದರೂ ಅರ್ಮೇನಿಯನ್‌ಗೆ ಪೂರ್ಣ ಅಂಕ ಕೊಡಲಾರೆ. ಭಾಷೆ ಎರಡು ರೂಪಗಳಲ್ಲಿದೆ: ಅರ್ಮೇನಿಯಾದ ಪೂರ್ವ ರೂಪ, ಮತ್ತು ಲೆಬನಾನ್, ಫ್ರಾನ್ಸ್ ಮೊದಲಾದೆಡೆ ನೆಲೆಸಿದವರ ಪಶ್ಚಿಮ ರೂಪ. ಎರಡನೆಯದನ್ನು ಯುನೆಸ್ಕೋ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಸೇರಿಸಿದೆ. ಅರ್ಮೇನಿಯಾದ ರಾಜಧಾನಿ ಯೆರೆವಾನಿನ ಪೆತ್ರೋಸ್ ಲೆಬನಾನಿನ ಬೈರೂತಿನಲ್ಲಿ ಬೆದ್ರೋಸ್ ಆಗುತ್ತಾನೆ. ನಾನು ಹಣ ತೆತ್ತು ಕೊಂಡ ಒಂದು ಆ್ಯಪ್ ಪಾಠವನ್ನು ಪೂರ್ವ ರೂಪದಲ್ಲಿ ಬರೆದು ಧ್ವನಿಯನ್ನು ಪಶ್ಚಿಮದವರಿಂದ ಓದಿಸಿತ್ತು. ತಪ್ಪು ನನ್ನ ಕಿವಿಯದೆಂದು ಮೂರು ವಾರ ಕೊರಗಿದೆ. ಅರ್ಮೇನಿಯನ್ ವರ್ಚುವಲ್ ಕಾಲೇಜು ಎರಡು ರೂಪಗಳನ್ನೂ ಬೇರೆ ಬೇರೆ ಕೋರ್ಸುಗಳಾಗಿ ಕಲಿಸುತ್ತದೆ, ಆರಂಭಿಸುವವರು ಮೊದಲು ಅಲ್ಲಿ ನೋಡುವುದು ಒಳ್ಳೆಯದು. ಸುಮಾರು ನಾಲ್ಕು ಕೋಟಿ ಜನರಾಡುವ ಪೋಲಿಷ್‌ಗೆ ಈ ಬಡತನವಿಲ್ಲ: ಭಾಷೆ ಕಲಿಸುವ ಡ್ಯುಯೊಲಿಂಗೊ ಆ್ಯಪ್‌ನಲ್ಲಿ ಪಾಠವಿದೆ, ಸರ್ಕಾರವೇ ನಡೆಸುವ ಪ್ರಮಾಣಪತ್ರ ಪರೀಕ್ಷೆಯೂ ಇದೆ.

ಪೋಲೆಂಡಿನ ಕ್ರಾಕುಫ್‌ನಲ್ಲಿಯೋ ವ್ರೊತ್ಸ್ವಾಫ್‌ನಲ್ಲಿಯೋ ಕೆಲಸ ಸಿಕ್ಕಿದ್ದರೆ ಯೋಚಿಸಬೇಕಾದದ್ದೇ ಇಲ್ಲ, ಪೋಲಿಷ್ ಕಲಿಯಿರಿ. ಅಲ್ಲಿ ಪೌರತ್ವ ಕೇಳುವವರಿಗೆ ಬಿ1 ಮಟ್ಟದ, ಅಂದರೆ ಯುರೋಪಿನ ಆರು ಮೆಟ್ಟಿಲುಗಳ ಅಳತೆಯಲ್ಲಿ ಮೂರನೆಯ ಮೆಟ್ಟಿಲಿನ ಭಾಷಾಜ್ಞಾನ ಬೇಕಾಗುತ್ತದೆ. ಯೆರೆವಾನಿಗೆ ವೈದ್ಯಕೀಯ ಓದಲು ಹೊರಟವರು ಇಂಗ್ಲಿಷ್ ಪಾಠಗಳನ್ನು ನಂಬಿ ಸುಮ್ಮನಿರದೆ ಪೂರ್ವ ಅರ್ಮೇನಿಯನ್ ಆರಂಭಿಸಬೇಕು, ಏಕೆಂದರೆ ವಾರ್ಡಿನಲ್ಲಿ ರೋಗಿ ಮಾತಾಡುವುದು ಅದನ್ನೇ. ಬರಿಯ ಆಸಕ್ತಿಯಿಂದ ಕಲಿಯುವವರಿಗೆ ನನ್ನ ಮತ ಅರ್ಮೇನಿಯನ್‌ಗೆ. ಎರಡನ್ನೂ ಒಟ್ಟಿಗೆ ಹಿಡಿಯುವುದು ಮಾತ್ರ ಬೇಡ. ನಾನು ಒಂದು ತಿಂಗಳು ಹಾಗೆ ಮಾಡಿ, ಐದು ಎನ್ನಬೇಕಾದಾಗಲೆಲ್ಲ ಹಿಂಗ್, ಪ್ಯೆಂಚ್ ಎರಡೂ ಬಾಯಿಗೆ ಬಂದು, ಕೊನೆಗೆ ಬೆರಳು ತೋರಿಸುತ್ತಿದ್ದೆ.