ಸಿಸ್ಟಮ್ ಮಾದರಿಗೆ ಸಿಮ್ಯುಲೇಶನ್ ಜೋಡಣೆ: ಸ್ವಂತ ಸ್ಕ್ರಿಪ್ಟೋ, ಎಫ್‌ಎಂಯು ಕಡತವೋ?

ಕೋಲಾರದ ನರಸಾಪುರದಲ್ಲಿ ಬ್ರೇಕ್ ವಿನ್ಯಾಸ ನೋಡಿಕೊಳ್ಳುವ ಗೆಳೆಯರೊಬ್ಬರು, ಸಿಸ್‌ಎಂಎಲ್ (ವ್ಯವಸ್ಥೆಯ ಭಾಗಗಳನ್ನೂ ಅಗತ್ಯಗಳನ್ನೂ ಚಿತ್ರರೂಪದಲ್ಲಿ ವಿವರಿಸುವ ಭಾಷೆ) ಮಾದರಿಯನ್ನು ಸಿಮ್ಯುಲೇಶನ್‌ಗೆ ಜೋಡಿಸಲು ಸ್ವಂತ ಸ್ಕ್ರಿಪ್ಟ್ ಮತ್ತು ಎಫ್‌ಎಂಯು (ಸಿಮ್ಯುಲೇಶನ್ ಮಾದರಿಯನ್ನು ಬೇರೆ ತಂತ್ರಾಂಶದಲ್ಲೂ ಓಡಿಸಲಾಗುವಂತೆ ಕಟ್ಟಿಟ್ಟ ಕಡತ) ಈ ಎರಡರಲ್ಲಿ ಯಾವುದು ಸೂಕ್ತವೆಂದು ಕೇಳಿದ್ದಾರೆ.

ಖರ್ಚಿನ ಮಟ್ಟಿಗೆ ಪೈಥಾನ್ ಸ್ಕ್ರಿಪ್ಟ್ ಹಗುರ. ಮಾದರಿಯಿಂದ ಡಿಸ್ಕ್ ವ್ಯಾಸವನ್ನೂ ವಾಹನದ ತೂಕವನ್ನೂ ತೆಗೆದು ಲೆಕ್ಕಕ್ಕೆ ಕೊಟ್ಟು, ಬಂದ ನಿಲುಗಡೆ ದೂರವನ್ನು ಸಂಬಂಧಿಸಿದ ರಿಕ್ವೈರ್‌ಮೆಂಟ್ (ವಿನ್ಯಾಸ ಪೂರೈಸಬೇಕಾದ ಷರತ್ತು) ಜೊತೆ ಹೋಲಿಸಿದರೆ ಸಾಕು. ಎಫ್‌ಎಂಯು ಕಡತದ ಸ್ವರೂಪವನ್ನು ನಿಗದಿಪಡಿಸುವ ಎಫ್‌ಎಂಐ ಮುಕ್ತ ಮಾನದಂಡವೇ ಆದರೂ, ಆ ಕಡತ ಹೊರತೆಗೆಯಲು ಕೆಲವು ತಂತ್ರಾಂಶಗಳಲ್ಲಿ ಪ್ರತ್ಯೇಕ ಪರವಾನಗಿ ಬೇಕಾಗುತ್ತದೆ.

ಬಾಳಿಕೆಯ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. ಮಾದರಿಯಲ್ಲಿ ಒಂದು ಹೆಸರು ಬದಲಾದರೂ ಸ್ಕ್ರಿಪ್ಟ್ ನಿಲ್ಲಬಹುದು. ಮಿಲಿಮೀಟರ್ ಇರಬೇಕಾದಲ್ಲಿ ಮೀಟರ್ ಬಂದರೆ ಅದು ನಿಲ್ಲದೆ ತಪ್ಪು ಉತ್ತರ ಕೊಡುತ್ತದೆ, ನನಗೆ ಹೆಚ್ಚು ಭಯ ಇದರದ್ದೇ. 2010ರಲ್ಲಿ ಮೊದಲ ಆವೃತ್ತಿ ಕಂಡ ಎಫ್‌ಎಂಐ ಪ್ರಕಾರ, ಎಫ್‌ಎಂಯು ಎಂಬ ಜಿಪ್ ಕಡತದೊಳಗಿನ ಎಕ್ಸ್‌ಎಂಎಲ್ ವಿವರಣೆಯಲ್ಲಿ ಚರಾಂಶಗಳ ಹೆಸರು, ಒಳಹರಿವು, ಹೊರಹರಿವುಗಳು ದಾಖಲಾಗಿರುತ್ತವೆ; ಏಕಮಾನವನ್ನೂ ನಮೂದಿಸಬಹುದು. ಆದರೆ ವಿಂಡೋಸ್‌ಗೆ ಮಾತ್ರ ಕಂಪೈಲ್ ಮಾಡಿದ ಎಫ್‌ಎಂಯು ಲಿನಕ್ಸ್‌ನಲ್ಲಿ ಓಡದು.

ಪೂರೈಕೆದಾರರು ಒಳಗುಟ್ಟು ಬಿಡದೆ ಮಾದರಿ ಹಂಚುವುದಿದ್ದರೆ, ಅಥವಾ ಹೈಡ್ರಾಲಿಕ್ಸ್ ಮತ್ತು ನಿಯಂತ್ರಕ ಒಟ್ಟಿಗೆ ಓಡಬೇಕಿದ್ದರೆ, ಎಫ್‌ಎಂಯು ಆರಿಸಿಕೊಳ್ಳಿ. ಒಂದೇ ತಂಡ ಕೆಲವೇ ನಿಯತಾಂಕಗಳನ್ನು ಬದಲಿಸಿ ನೋಡುವುದಾದರೆ, ಅಥವಾ ಡಿಸ್ಕ್‌ನ ಬಿಸಿಯನ್ನು ಫೈನೈಟ್ ಎಲಿಮೆಂಟ್‌ನಲ್ಲಿ (ಭಾಗವನ್ನು ಸಣ್ಣ ತುಣುಕುಗಳಾಗಿ ಒಡೆದು ಲೆಕ್ಕ ಮಾಡುವ ವಿಧಾನ) ಗಂಟೆಗಟ್ಟಲೆ ಲೆಕ್ಕ ಹಾಕುವುದಾದರೆ, ಏಕಮಾನ ತಪಾಸಣೆಯನ್ನು ಸೇರಿಸಿದ ಸ್ಕ್ರಿಪ್ಟೇ ಅನುಕೂಲ.